ಸಂಕ ದಾಟಿ ಬಂದ ಪಾಠ

ಕೆರೆಕಟ್ಟೆಯಲ್ಲಿ ಮಳೆಯ ಲೆಕ್ಕ ಇಂಚಿನಲ್ಲಿ, ನೆಟ್‌ವರ್ಕಿನ ಲೆಕ್ಕ ಕಡ್ಡಿಯಲ್ಲಿ. ರಾತ್ರಿ ಎಷ್ಟು ಇಂಚು ಹೊಡೆಯಿತು ಅಂತ ಕೇಳಿದರೆ ಮಳೆಮಾಪಕ ಇಟ್ಟುಕೊಂಡ ತೋಟದವರು ಚಹಾ ಕುಡಿಯುತ್ತಲೇ ಹೇಳಿಬಿಡುತ್ತಾರೆ. ಕಡ್ಡಿಯ ಲೆಕ್ಕ ಅಷ್ಟು ಸಲೀಸಲ್ಲ. ಅಂಗಳದ ಮೂಲೆಯಲ್ಲಿ ಎರಡು, ಕೊಟ್ಟಿಗೆ ಹಿಂದೆ ಒಂದು, ಜಗಲಿಗೆ ಬಂದರೆ ಸೊನ್ನೆ. ಗಾಳಿ ಬೀಸಿದರೆ ಅಂಗಳದ ಎರಡೂ ಹೋಯಿತು. 2020ರ ಮಳೆಗಾಲದಲ್ಲಿ ಶೃಂಗೇರಿ, ಕೊಪ್ಪ ಕಡೆಯ ಮನೆಗಳಲ್ಲಿ ಒಂದು ಹೊಸ ಉಪಾಯ ಹುಟ್ಟಿಕೊಂಡಿತು. ಎರಡು ಫೋನಿರುವ ಮನೆಯಾದರೆ ಒಂದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು, ಹಾಟ್‌ಸ್ಪಾಟ್ ಹಾಕಿ, ಕಡ್ಡಿ ಸಿಗುವ ಕಡೆ ಹಲಸಿನ ಕೊಂಬೆಗೆ ನೇತುಹಾಕುವುದು. ಇನ್ನೊಂದನ್ನು ಹಿಡಿದುಕೊಂಡು ಮಗಳು ಪಾಠಕ್ಕೆ ಕಿಟಕಿಯ ಹತ್ತಿರ ಕೂರುವುದು. ಒಂದೇ ಫೋನಿರುವ ಮನೆಯಾದರೆ ಕೊಂಬೆಯ ಕೆಳಗೆ ಮಗಳೇ ಹೋಗಿ ನಿಲ್ಲುವುದು, ಕೊಡೆ ಹಿಡಿದುಕೊಂಡು, ಕಾಲಿಗೆ ಇಂಬಳ ಹತ್ತದ ಹಾಗೆ ಆಗಾಗ ಪಾದ ಕೊಡವಿಕೊಂಡು.

ಶೃಂಗೇರಿಯಿಂದ ನೆಮ್ಮಾರು ದಾಟಿ ಕಾರ್ಕಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಕೆರೆಕಟ್ಟೆ ಸಿಗುತ್ತದೆ. ಮುಂದೆ ಹೋದರೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಎಂಬ ಹೆಸರು ಹೋಗಿ ದಕ್ಷಿಣ ಕನ್ನಡವಾಗಿ, ಅದರಿಂದ ಉಡುಪಿ ಬೇರೆಯಾಗಿ ವರ್ಷಗಳೇ ಕಳೆದರೂ ಬಸ್ಸಿನವರ ಬಾಯಲ್ಲಿ ಆ ಎರಡು ಇಂಗ್ಲಿಷ್ ಅಕ್ಷರ ಗಟ್ಟಿಯಾಗಿ ಕೂತುಬಿಟ್ಟಿವೆ. 1987ರಲ್ಲಿ ಸುತ್ತಲಿನ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು, ಸುಮಾರು 600 ಚದರ ಕಿಲೋಮೀಟರ್. ಉದ್ಯಾನ ಅಂದರೆ ಬೆಂಗಳೂರಿನವರಿಗೆ ಲಾಲ್‌ಬಾಗ್ ನೆನಪಾಗುತ್ತದೆ. ಇಲ್ಲಿಯವರಿಗೆ ಅದು ಒಂದು ಕಾನೂನಿನ ಹೆಸರು. ಹೊಸ ಕಂಬ, ಹೊಸ ತಂತಿ, ಹೊಸ ಟವರು, ರಸ್ತೆಗೆ ಒಂದು ಬುಟ್ಟಿ ಜಲ್ಲಿ, ಎಲ್ಲಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಊರು ಅಂದರೂ ಇಲ್ಲಿ ಮನೆಗಳ ಸಾಲಲ್ಲ. ಒಂದು ಗದ್ದೆಬಯಲು, ಪಕ್ಕದಲ್ಲಿ ಅಡಿಕೆ ತೋಟ, ಅದರ ತಲೆಯ ಮೇಲೊಂದು ಮನೆ. ಇನ್ನೊಂದು ಮನೆಯ ಹೊಗೆ ಕಾಣಬೇಕಾದರೆ ಹಳ್ಳ ದಾಟಬೇಕು. ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ, ಅದೂ ಆಷಾಢದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಇಂಥ ಕಡೆ ಮಕ್ಕಳನ್ನು ಶಾಲೆಗೆ ಕಳಿಸುವುದಕ್ಕಿಂತ ಶಾಲೆಯನ್ನೇ ಮನೆಗೆ ಕರೆಸುವುದು ಸುಲಭ. ಮಲೆನಾಡಿನ ದೊಡ್ಡ ಮನೆಗಳವರು ನೂರು ವರ್ಷದ ಹಿಂದೆ ಮಾಡುತ್ತಿದ್ದದ್ದೂ ಅದನ್ನೇ. ಘಟ್ಟದ ಕೆಳಗಿನಿಂದ ಪಾಠ ಹೇಳುವ ಐಗಳು ಬರುತ್ತಿದ್ದರು. ಮನೆಯಲ್ಲೇ ಊಟ, ಮನೆಯಲ್ಲೇ ವಸತಿ, ಉಪ್ಪರಿಗೆಯಲ್ಲಿ ಪಾಠ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಮೊದಲ ಅಕ್ಷರ ತಿದ್ದಿದ್ದು ಕುಪ್ಪಳಿಯ ಮನೆಯಲ್ಲಿ, ಅಂಥ ಐಗಳ ಕೈಯಲ್ಲೇ. ಹೆಣ್ಣುಮಕ್ಕಳಿಗೆ ಆ ಪಾಠ ದಕ್ಕುತ್ತಿದ್ದದ್ದು ಹಿರಿಯರ ಮನಸ್ಸು ಎಷ್ಟಿತ್ತೋ ಅಷ್ಟು. ಜೈಮಿನಿ ಭಾರತ ಕೂಡಿಸಿಕೊಂಡು ಓದುವಷ್ಟು ಬಂದರೆ ಸಾಕು, ಲೆಕ್ಕ ಯಾಕೆ ಎಂಬುದು ವಾಡಿಕೆ. ಬಾಗಿಲ ಸಂದಿಯಲ್ಲಿ ನಿಂತು ಅಣ್ಣನ ಪಾಠ ಕೇಳಿಸಿಕೊಂಡೇ ಓದು ಕಲಿತ ಅಜ್ಜಿಯರ ಕಥೆ ನಮ್ಮ ಕಡೆ ಮನೆಗೊಂದು ಸಿಗುತ್ತದೆ. ಮೈಸೂರಿನಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಲ್ಲಿ, ಅರಮನೆಯ ಆಸರೆಯಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ 1881ರಲ್ಲೇ ಶುರುವಾಗಿತ್ತು ನಿಜ. ಆದರೆ ತುಂಗೆಯ ಈ ತಲೆಕಟ್ಟಿಗೆ ಮೈಸೂರು ಬಹಳ ದೂರ.

ಆಮೇಲೆ ಸರ್ಕಾರಿ ಶಾಲೆ ಬಂತು. ಒಬ್ಬರೇ ಮೇಷ್ಟರು, ನಾಲ್ಕು ತರಗತಿ, ಒಂದೇ ಕೋಣೆ. ಹಳ್ಳಿಯಲ್ಲಿ ಏಳರ ತನಕ ಇದ್ದರೆ ಅದೇ ಭಾಗ್ಯ. ಎಂಟಕ್ಕೆ ಪೇಟೆಗೆ ಹೋಗಬೇಕು. ಹೋಗಬೇಕಾದರೆ ಕಾಡುದಾರಿ, ಹಳ್ಳ, ಬೆಳಗ್ಗೆ ಒಂದು ಸಂಜೆ ಒಂದು ಬಸ್ಸು. ಮಗನಾದರೆ ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಡುತ್ತಿದ್ದರು. ಮಗಳನ್ನು ‘ಬಿಡಿಸುತ್ತಿದ್ದರು’. ಶಾಲೆಗೆ ಬಿಡುವುದು, ಶಾಲೆ ಬಿಡಿಸುವುದು: ಕನ್ನಡದಲ್ಲಿ ಒಂದೇ ಧಾತು ಎರಡು ಕೆಲಸ ಮಾಡುತ್ತದೆ. ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಮಲೆನಾಡಿನ ಹೆಂಗಸರನ್ನು ಎಷ್ಟು ಓದಿದ್ದೀರಿ ಅಂತ ಕೇಳಿ ನೋಡಿ. ‘ಏಳಕ್ಕೇ ಬಿಡಿಸಿದ್ರು’ ಎಂಬ ಉತ್ತರದಲ್ಲಿ ಕರ್ತೃ ಯಾರೆಂದು ಇರುವುದಿಲ್ಲ. ಅಪ್ಪಯ್ಯನೋ, ದಾರಿಯೋ, ಹಳ್ಳವೋ, ಎಲ್ಲರೂ ಸೇರಿಯೋ. ಯಾರೂ ಆದೇಶ ಹೊರಡಿಸಲಿಲ್ಲ. ಬಿಡಿಸಿದ್ರು, ಅಷ್ಟೆ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ತೊಡಗಿತು. ಬಯಲುಸೀಮೆಯಲ್ಲಿ ಅದು ದೊಡ್ಡ ಕ್ರಾಂತಿ. ನಮ್ಮ ಕಡೆಯ ಏರಿನಲ್ಲಿ ಸೈಕಲ್ಲನ್ನು ಹುಡುಗಿ ಹೊರುವುದೇ ಹೆಚ್ಚು, ಸೈಕಲ್ಲು ಹುಡುಗಿಯನ್ನು ಹೊರುವುದು ಕಡಿಮೆ. ಆದರೂ ಅದರ ಬೆಲ್ಲಿನ ಸದ್ದಿಗೆ ಒಂದು ಗತ್ತಿತ್ತು.

ಬಿಡಿಸಿದವರ ಪೈಕಿ ಛಲ ಇದ್ದವರಿಗೆ ಇನ್ನೊಂದು ದಾರಿ ಸಿಕ್ಕಿತ್ತು. ಅದು ಅಂಚೆಯಣ್ಣನ ಚೀಲದಲ್ಲಿ ಬರುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮದುವೆಯಾಗಿ ಬಂದ ಸೊಸೆಯಂದಿರು ಮಧ್ಯಾಹ್ನದ ಪಾತ್ರೆ ತೊಳೆದು ಕೈ ಒರೆಸಿಕೊಂಡು ಆ ಬಿಳಿ ಪುಸ್ತಕಗಳನ್ನು ಬಿಡಿಸಿದರು. ಈ ಬಿಡಿಸುವುದು ಬೇರೆ. ಪರೀಕ್ಷೆಗೆ ಮಾತ್ರ ಪೇಟೆಗೆ ಹೋದರೆ ಸಾಕು, ಅದನ್ನೂ ತವರಿಗೆ ಹೋಗುವ ನೆಪದಲ್ಲಿ ಹೊಂದಿಸಿಕೊಳ್ಳಬಹುದು. ಆನ್‌ಲೈನ್ ಶಿಕ್ಷಣ ಅಂತ ಈಗ ಯಾವುದನ್ನು ಹೊಸದಾಗಿ ಕಂಡುಹಿಡಿದವರಂತೆ ಮಾತಾಡುತ್ತೇವೋ ಅದರ ಅಸಲು ಕಸುಬು, ಅಂದರೆ ಮನೆ ಬಿಟ್ಟು ಹೊರಡಲಾಗದ ಹೆಣ್ಣಿನ ಕೈಗೆ ಪಾಠ ಮುಟ್ಟಿಸುವುದು, ಒಂದಾಣೆ ಎರಡಾಣೆ ಕಾಲದ ನೆನಪಿದ್ದ ಅಂಚೆ ಇಲಾಖೆ ಆಗಲೇ ಮಾಡಿ ತೋರಿಸಿತ್ತು. ಹಾಗೆ ಬಂದ ಪದವಿಯ ಕಾಗದ ಎಷ್ಟು ತೆಳು ಎಂಬುದೂ ತಿಳಿಯಿತು. 2013-14ರಿಂದ ಮುಂದಕ್ಕೆ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ತಪ್ಪಿತು, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಓದುತ್ತಿದ್ದವರಿಗೆ ದೆಹಲಿಯ ಒಂದು ಕಾಗದ ಊರಿನ ಸಂಕದಷ್ಟೇ ದೊಡ್ಡ ವಿಷಯವಾಯಿತು.

ರೇಡಿಯೊವನ್ನು ಮರೆಯಬಾರದು. 1965ರಲ್ಲಿ ಆಕಾಶವಾಣಿ ಭದ್ರಾವತಿ ಶುರುವಾದ ಮೇಲೆ ಈ ಕಾಡಿನ ಮನೆಗಳಿಗೆ ಹೊರಗಿನ ದನಿ ದಿನವೂ ಬಂತು. ಯಾರ ಅಪ್ಪಣೆಯನ್ನೂ ಕೇಳದೆ ಅಡುಗೆಮನೆಯ ತನಕ ಹೋದ ಮೊದಲ ಮೇಷ್ಟರು ಅದು. ನಾಲ್ಕು ಸೆಲ್ಲು ಹಾಕಿದರೆ ಅದಕ್ಕೆ ಕರೆಂಟಿನ ಹಂಗೂ ಇರಲಿಲ್ಲ.

ಕೋವಿಡ್ ಬಂದು 2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳಿಗೆ ಬೀಗ ಬಿತ್ತು. 25ರಿಂದ ಇಡೀ ದೇಶಕ್ಕೇ ಲಾಕ್‌ಡೌನ್. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿ ಜೂನ್ 25ರಿಂದ ನಡೆಯಿತು. ನೋಂದಾಯಿಸಿದವರು ಸುಮಾರು 8.48 ಲಕ್ಷ ಮಕ್ಕಳು. ಅಷ್ಟು ಹೊತ್ತಿಗೆ ಪೇಟೆಯ ಖಾಸಗಿ ಶಾಲೆಗಳು ಆನ್‌ಲೈನ್ ಕ್ಲಾಸು ಹಿಡಿದಾಗಿತ್ತು. ಸಣ್ಣ ಮಕ್ಕಳಿಗೆ ಇದು ಬೇಡ ಎಂದು ಸರ್ಕಾರ ಜೂನ್‌ನಲ್ಲಿ ಏಳನೇ ತರಗತಿಯ ತನಕ ನಿಷೇಧಿಸಿತು, ಜುಲೈ 8ರಂದು ಹೈಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು. ಬೆಂಗಳೂರಿನಲ್ಲಿ ವಾದ ನಡೆದದ್ದು ಮಕ್ಕಳ ಕಣ್ಣಿಗೆ ಪರದೆಯಿಂದ ಎಷ್ಟು ತೊಂದರೆ ಎಂಬುದರ ಮೇಲೆ. ಕೆರೆಕಟ್ಟೆಯ ಕಡೆ ಪರದೆ ಬೆಳಗಿದರೆ ತಾನೇ ಕಣ್ಣಿನ ಮಾತು.

ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ‘ಸೇತುಬಂಧ’ ಪಾಠ ಶುರುವಾಯಿತು. ಸಂಕದ ನಾಡಿನವರಿಗೆ ಹೆಸರು ಹಿಡಿಸಿತು. ಡಿಶ್ ಇಲ್ಲದ ಮನೆ ಈಗ ಇಲ್ಲಿ ಅಪರೂಪ, ಹಾಗಾಗಿ ಟಿವಿ ಪಾಠ ಫೋನಿನ ಪಾಠಕ್ಕಿಂತ ಹೆಚ್ಚು ಮನೆ ತಲುಪಿತು ಅಂತಲೇ ನನ್ನ ಎಣಿಕೆ. ಆದರೆ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕತ್ತಲೆ. ಮೆಸ್ಕಾಂ ಲೈನ್‌ಮನ್ ಕಾಡಿನಲ್ಲಿ ಎಲ್ಲಿ ತಂತಿ ತುಂಡಾಗಿದೆ ಎಂದು ಹುಡುಕಿಕೊಂಡು ನಡೆಯಬೇಕು. ಕರೆಂಟ್ ಹೋದರೆ ಟಿವಿ ಮಾತ್ರ ಹೋಗುವುದಿಲ್ಲ, ಟವರಿನ ಬ್ಯಾಟರಿಯೂ ಕೆಲವು ಗಂಟೆಯಲ್ಲಿ ಕೈ ಎತ್ತುತ್ತದೆ. ಜನರೇಟರಿಗೆ ಡೀಸೆಲ್ ಹಾಕುವವರು ಬರುವ ತನಕ ಫೋನು ಕೇವಲ ಗಡಿಯಾರ. ಗುಡ್ಡದ ಆಚೆಗಿನ ಟವರಿನ ಹಳೆಯ 2ಜಿ ಸಿಗ್ನಲ್ಲು ಹೇಗೋ ಬಳಸಿಕೊಂಡು ಬಂದು ಮಾತಿಗೆ ಆಗುತ್ತದೆ, ವಿಡಿಯೊ ಎಳೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ನೇರ ಕ್ಲಾಸು ಅಂದರೆ ಮೇಷ್ಟರ ಮುಖ ಅರ್ಧ ಬಾಯಿ ತೆರೆದು ನಿಂತುಬಿಡುವುದು. ‘ಕೇಳಿಸ್ತಾ ಇದ್ಯಾ? ಸದ್ದು ಬರ್ತಾ ಇದ್ಯಾ?’ ಎಂಬಲ್ಲಿಗೆ ಹತ್ತು ನಿಮಿಷ.

ಕಡೆಗೆ ಕೆಲಸಕ್ಕೆ ಬಂದದ್ದು ವಾಟ್ಸ್ಆ್ಯಪ್ಪಿನ ಧ್ವನಿ ಸಂದೇಶ. ಮೇಷ್ಟರು ಐದೈದು ನಿಮಿಷದ ಪಾಠ ಮಾತಾಡಿ ಕಳಿಸುತ್ತಿದ್ದರು, ಜೊತೆಗೆ ಕಪ್ಪುಹಲಗೆಯ ಫೋಟೊ. ಮಗಳು ಸಂಜೆ ಗುಡ್ಡ ಹತ್ತಿ, ದಿನದ ಸಂದೇಶಗಳನ್ನೆಲ್ಲ ಇಳಿಸಿಕೊಂಡು, ಮನೆಗೆ ಬಂದು ಒಲೆಯ ಮುಂದೆ ಕೂತು ಕೇಳುವಳು. ತಜ್ಞರು ಇದಕ್ಕೆ ಏನೇನೋ ಹೆಸರಿಟ್ಟಿದ್ದಾರೆ. ನೋಡಿದರೆ ಹಳೆಯ ಅಂಚೆ ಪಾಠವೇ, ಅಂಚೆಯಣ್ಣನ ಬದಲು ತಾನೇ ಗುಡ್ಡ ಹತ್ತಬೇಕಾಗಿ ಬಂದದ್ದಷ್ಟೆ.

ಆಗಸ್ಟಿನಲ್ಲಿ ಬಂದ ‘ವಿದ್ಯಾಗಮ’ವನ್ನು ನಾನು ಆ ವರ್ಷದ ಅತ್ಯಂತ ಬುದ್ಧಿವಂತ ಕೆಲಸ ಎನ್ನುತ್ತೇನೆ. ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಬರೀ ಫೋನ್ ಇರುವವರು, ಏನೂ ಇಲ್ಲದವರು ಎಂದು ಬೇರೆ ಮಾಡಿ, ಏನೂ ಇಲ್ಲದವರ ಕಡೆಗೆ ಮೇಷ್ಟರೇ ನಡೆದು ಹೋಗುವುದು. ದೇವಸ್ಥಾನದ ಜಗಲಿ, ಯಾರದೋ ಅಡಿಕೆ ಒಣಗಿಸುವ ಅಂಗಳ, ಸಮುದಾಯ ಭವನ, ಎಲ್ಲಿ ಸೂರಿದೆಯೋ ಅಲ್ಲಿ ಪಾಠ. ಕೊಡೆ, ಗಮ್‌ಬೂಟು, ಚೀಲದಲ್ಲಿ ಹಾಜರಿ ಪುಸ್ತಕ. ನೂರು ವರ್ಷದ ಮೇಲೆ ಐಗಳು ಮತ್ತೆ ಬಂದರು, ಈ ಸಲ ಮಗಳನ್ನು ಹೆಸರು ಹಿಡಿದು ಕರೆಯುತ್ತ. ಆದರೆ ಸೋಂಕು ಶಿಕ್ಷಕರನ್ನೂ ಮಕ್ಕಳನ್ನೂ ಹಿಡಿಯಿತೆಂದು ಅಕ್ಟೋಬರ್ 10ರಂದು ಅದನ್ನು ನಿಲ್ಲಿಸಿದರು.

ಅಕ್ಟೋಬರ್ ಅಂದರೆ ನಮ್ಮಲ್ಲಿ ಕೊನೆಕೊಯ್ಲು ಹತ್ತಿರ ಬಂತು. ಅಡಿಕೆ ಸುಲಿತ ಶುರುವಾದರೆ ಮನೆಯಲ್ಲಿರುವ ಎಲ್ಲ ಕೈಗೂ ಕೆಲಸ. ಶಾಲೆಗೆ ಹೋದ ಮಗಳನ್ನು ಕರೆಯಲಾಗುವುದಿಲ್ಲ. ಮನೆಯಲ್ಲೇ ಶಾಲೆ ನಡೆಸುವ ಮಗಳನ್ನು ಕರೆಯಲಿಕ್ಕೆ ಏನು ಅಡ್ಡಿ? ‘ಅದು ಆಮೇಲೂ ಕೇಳ್ಬಹುದಲ್ಲನೇ’ ಎಂಬ ಮಾತು ತಪ್ಪೂ ಅಲ್ಲ, ಪಾಠ ಫೋನಿನಲ್ಲೇ ಇರುತ್ತದಲ್ಲ. ಆದರೆ ಫೋನು ಯಾರ ಹತ್ತಿರ? ಅಪ್ಪಯ್ಯನದು. ಅಪ್ಪಯ್ಯ ಪೇಟೆಗೆ ಹೋದರೆ ಸಮಾಜ ವಿಜ್ಞಾನವೂ ಅವರ ಜೇಬಿನಲ್ಲಿ ಪೇಟೆಗೆ ಹೋಗುತ್ತದೆ. ಅಣ್ಣ ಪಿಯುಸಿಯಲ್ಲಿದ್ದರೆ ಮೊದಲ ಸರದಿ ಅವನದು. ರಾತ್ರಿ ಎಲ್ಲರ ಊಟವಾದ ಮೇಲೆ ಬ್ಯಾಟರಿ ಶೇಕಡಾ ಹನ್ನೆರಡು ಇರುವಾಗ ಅದು ಅವಳ ಕೈಗೆ ಬರುತ್ತದೆ. ಇದನ್ನು ದೂರು ಅಂತ ಹೇಳುತ್ತಿಲ್ಲ. ಒಂದು ಫೋನಿಗೆ ಹತ್ತು ಸಾವಿರ ಕೊಡುವುದು ಕೊಳೆರೋಗದ ವರ್ಷದಲ್ಲಿ ಯಾರಿಗೂ ಸುಲಭವಲ್ಲ. ಆದರೂ ಮನೆಯೊಳಗೆ ಬಂದ ಪಾಠ ಮನೆಯ ಕಟ್ಟಳೆಯನ್ನೂ ಜೊತೆಗೇ ತರುತ್ತದೆ. ಬಾಗಿಲ ಸಂದಿ ಎಲ್ಲಿಗೂ ಹೋಗಿರಲಿಲ್ಲ.

ಆ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು, 22 ಮತ್ತು 27ರಂದು ಮತದಾನ. ಮಲೆನಾಡಿನಲ್ಲೂ ಕರಾವಳಿಯ ಮೇಲ್ದಂಡೆಯಲ್ಲೂ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಫಲಕಗಳು ಎದ್ದವು. ರಸ್ತೆ ಕೊಡಿ, ಸೇತುವೆ ಕೊಡಿ ಎಂದು ಬಹಿಷ್ಕಾರ ಹಾಕುವುದು ನಮ್ಮಲ್ಲಿ ಹಳೆಯದು. ಕಾಣದ ಅಲೆಗಾಗಿ ಬಹಿಷ್ಕಾರ ಹೊಸದು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಹತ್ತಿರದ ಬಳ್ಳಕದಲ್ಲಿ ತೆಗೆದ ಒಂದು ಫೋಟೊ ದೇಶವೆಲ್ಲ ಓಡಾಡಿತು: ರಸ್ತೆ ಬದಿಯಲ್ಲಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ಅಪ್ಪ ಅವಳಿಗೆ ಕೊಡೆ ಹಿಡಿದು ನಿಂತಿದ್ದಾನೆ. ಎಲ್ಲರೂ ನೆಟ್‌ವರ್ಕಿನ ದುರವಸ್ಥೆ ನೋಡಿದರು. ನನಗೆ ಕಂಡದ್ದು ಅಪ್ಪ. ಏಳಕ್ಕೆ ಬಿಡಿಸಿದ ಅಪ್ಪಂದಿರ ಮೊಮ್ಮಗನ ಕಾಲದವನು, ತೋಟದ ಕೆಲಸ ಬಿಟ್ಟು, ಮಗಳ ಪಾಠ ಮುಗಿಯುವ ತನಕ ಒದ್ದೆಯಾಗುತ್ತ ನಿಂತವನು.

ಕೋವಿಡ್ಡಿನ ಎರಡನೇ ಅಲೆಯ ಆ ವರ್ಷ ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22, ಎರಡೇ ದಿನದಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿಸಿದರು. ಆಗಸ್ಟ್ 23ರಂದು ರಾಜ್ಯದಲ್ಲಿ ಒಂಬತ್ತರಿಂದ ಹನ್ನೆರಡರ ತನಕದ ತರಗತಿಗಳ ಬಾಗಿಲು ತೆರೆಯಿತು. ಸೋಂಕಿನ ಪ್ರಮಾಣ ಶೇ. 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಿಗೆ ಮಾತ್ರ ಆ ಭಾಗ್ಯ. ಚಿಕ್ಕಮಗಳೂರು ಜಿಲ್ಲೆ ಹೊರಗೆ ಉಳಿಯಿತು. ಇನ್ನೂ ಸ್ವಲ್ಪ ದಿನ ಗುಡ್ಡ ಹತ್ತುವುದು ತಪ್ಪಲಿಲ್ಲ.

ಆ ದಿನಗಳಲ್ಲೇ ಟಿವಿಯಲ್ಲಿ ಪಾಠದ ನಡುವೆ ಕಾಬೂಲ್ ಬಂತು. ಆಗಸ್ಟ್ 15ರಂದು ತಾಲಿಬಾನ್ ನಗರ ಹೊಕ್ಕಿತ್ತು. ವಿಮಾನದ ಹಿಂದೆ ಓಡುವ ಜನರನ್ನು ನಾವೆಲ್ಲ ನೋಡಿದೆವು. ಸೆಪ್ಟೆಂಬರ್ ಮಧ್ಯದಲ್ಲಿ ಅಲ್ಲಿಯ ಶಿಕ್ಷಣ ಸಚಿವಾಲಯ ಒಂದು ಪ್ರಕಟಣೆ ಕೊಟ್ಟಿತು: ಪ್ರೌಢಶಾಲೆಗಳು ಶನಿವಾರದಿಂದ ಶುರು, ಗಂಡುಮಕ್ಕಳೂ ಗಂಡು ಶಿಕ್ಷಕರೂ ಬರತಕ್ಕದ್ದು. ಹೆಣ್ಣುಮಕ್ಕಳು ಬರಕೂಡದು ಎಂಬ ಸಾಲು ಅದರಲ್ಲಿರಲಿಲ್ಲ. ಸುಮ್ಮನೆ ಅವರ ಹೆಸರಿರಲಿಲ್ಲ. ಚಿಕ್ಕಮಗಳೂರಿನ ಶಾಲೆಗಳು ತೆರೆಯುವುದನ್ನು ಇಲ್ಲಿಯ ಮಕ್ಕಳು ಕಾಯುತ್ತಿದ್ದ ಕಾಲದಲ್ಲೇ ಅಲ್ಲಿಯವರ ಕಾಯುವಿಕೆ ಶುರುವಾಯಿತು. ನಮ್ಮದು ಮುಗಿಯಿತು. 2022ರ ಮಾರ್ಚ್ 23ರಂದು ಅಲ್ಲಿಯ ಹುಡುಗಿಯರು ಸಮವಸ್ತ್ರ ಹಾಕಿಕೊಂಡು ಶಾಲೆಗೆ ಬಂದು ಕೂತರು. ಕೆಲವೇ ಗಂಟೆಯಲ್ಲಿ ಮನೆಗೆ ಹೋಗಿ ಎಂದರು. ಡಿಸೆಂಬರ್ 20ರಂದು ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. 2024ರ ಡಿಸೆಂಬರಿನಲ್ಲಿ ನರ್ಸ್, ಸೂಲಗಿತ್ತಿ ತರಬೇತಿಯೂ ಹೋಯಿತು. ಯುನೆಸ್ಕೊ 2024ರ ಆಗಸ್ಟಿನಲ್ಲಿ ಕೊಟ್ಟ ಲೆಕ್ಕದಂತೆ ಪ್ರೌಢಶಾಲೆ ತಪ್ಪಿದ ಹುಡುಗಿಯರು ಕನಿಷ್ಠ 14 ಲಕ್ಷ. ಆರನೇ ತರಗತಿಗೆ ಬಿಡಿಸುವುದು ಅಲ್ಲಿ ಕಾನೂನು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬ ಅಳುಕು ನನಗಿದೆ. ಇಲ್ಲಿ ಯಾರೂ ತಡೆಯಲಿಲ್ಲ, ತಲುಪಲಿಲ್ಲ ಅಷ್ಟೆ. ಅಲ್ಲಿ ತಲುಪಬಲ್ಲದ್ದನ್ನು ತಡೆದರು. ಆದರೆ ತಡೆದ ಮೇಲೆ ಅಲ್ಲಿಯ ಹೆಣ್ಣುಮಕ್ಕಳು ಹಿಡಿದ ದಾರಿಗಳನ್ನು ನೋಡಿದರೆ ಕಾಡಿನ ಈ ಮನೆಗಳಿಗೆ ಅವು ಅಪರಿಚಿತವಲ್ಲ.

ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಶಾಲೆಯ ಚರಿತ್ರೆಯೇ ತೆರೆದು ಮುಚ್ಚಿ ತೆರೆದು ಮುಚ್ಚಿದ್ದು. ರಾಣಿ ಸೊರಾಯಾ ಕಾಬೂಲಿನಲ್ಲಿ ಹುಡುಗಿಯರ ಮೊದಲ ಶಾಲೆ ತೆರೆಸಿದ್ದು 1921ರಲ್ಲಿ. 1928ರಲ್ಲಿ ಹದಿನೈದು ಹುಡುಗಿಯರನ್ನು ಓದಲು ಟರ್ಕಿಗೆ ಕಳಿಸಿದರು. ಮರುವರ್ಷ ಅವರ ಅರಸೊತ್ತಿಗೆಯೇ ಹೋಯಿತು, ಶಾಲೆಯೂ ಹೋಯಿತು. 1996ರಿಂದ 2001ರ ತನಕದ ಮೊದಲ ತಾಲಿಬಾನ್ ಕಾಲದಲ್ಲಿ ಹೆರಾತ್ ಊರಿನ ಹೆಂಗಸರು ಹೊಲಿಗೆ ಕಲಿಯಲು ಹೋಗುತ್ತೇವೆ ಎಂದು ಹೊರಡುತ್ತಿದ್ದರು. ಚೀಲದಲ್ಲಿ ಮೇಲೆ ಬಟ್ಟೆ, ಕತ್ತರಿ, ಅಡಿಯಲ್ಲಿ ನೋಟ್‌ಬುಕ್ಕು. ಒಳಗೆ ಪ್ರಾಧ್ಯಾಪಕರೊಬ್ಬರು ಸಾಹಿತ್ಯದ ಪಾಠ ಮಾಡುತ್ತಿದ್ದರು. ತವರಿಗೆ ಹೋಗುವ ನೆಪದಲ್ಲಿ ಪರೀಕ್ಷೆ ಬರೆದವರಿಗೆ ಇದು ಅರ್ಥವಾದೀತು.

ಅದೇ ಹೆರಾತಿನ ಏಂಜೆಲಾ ಘಯೂರ್ 1992ರಲ್ಲಿ, ಎಂಟು ವರ್ಷದವಳಿದ್ದಾಗ, ಮನೆಯವರೊಂದಿಗೆ ಇರಾನಿಗೆ ಓಡಿಹೋಗಿದ್ದವಳು. ಅಲ್ಲಿ ಐದು ವರ್ಷ ಶಾಲೆಗೆ ಸೇರಿಸಲಿಲ್ಲ. ಸೇರಿಸಿದ ಮೇಲೆ ಸಂಜೆ ಬಂದು ಆ ದಿನ ಕಲಿತದ್ದನ್ನು ಶಾಲೆ ಸಿಗದ ಹದಿನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಿದ್ದಳು. 2021ರಲ್ಲಿ ಕಾಬೂಲ್ ಬಿದ್ದಾಗ ಆಕೆ ಇಂಗ್ಲೆಂಡಿನ ಬ್ರೈಟನ್‌ನಲ್ಲಿದ್ದರು. ಸುಮ್ಮನೆ ಕೂರಲಿಲ್ಲ. ಪಾಠ ಮಾಡಲು ಯಾರು ಬರುತ್ತೀರಿ ಎಂದು ಕೇಳಿದರು. ಕೆಲವೇ ತಿಂಗಳಲ್ಲಿ 400ಕ್ಕೂ ಹೆಚ್ಚು ಸ್ವಯಂಸೇವಕ ಶಿಕ್ಷಕರು, ಸಾವಿರದ ಹತ್ತಿರ ವಿದ್ಯಾರ್ಥಿನಿಯರು. ಟೆಲಿಗ್ರಾಂ, ಸ್ಕೈಪ್ ಮೇಲೆ ಗಣಿತದಿಂದ ಹಿಡಿದು ಅಡುಗೆಯ ತನಕ ಪಾಠ. ಹೆಸರು ಹೆರಾತ್ ಆನ್‌ಲೈನ್ ಶಾಲೆ.

ಅಫ್ಘಾನಿಸ್ತಾನದಲ್ಲೂ ಎಲ್ಲ ಮನೆಗೂ ಇಂಟರ್ನೆಟ್ ಇಲ್ಲ, ಇದ್ದರೂ ದುಬಾರಿ, ಕರೆಂಟ್ ನಂಬುವ ಹಾಗಿಲ್ಲ. ಹಮೀದಾ ಅಮಾನ್ ಎಂಬ ಪತ್ರಕರ್ತೆ 2021ರ ಮಾರ್ಚ್ 8ರಂದು ಕಾಬೂಲಿನಲ್ಲಿ ಹೆಂಗಸರಿಗಾಗಿಯೇ ರೇಡಿಯೊ ಬೇಗಂ ಶುರುಮಾಡಿದ್ದರು. ಶಾಲೆ ಮುಚ್ಚಿದ ಮೇಲೆ ರೇಡಿಯೊದಲ್ಲೇ ಪಾಠ ಓದಿಸಿದರು. 2024ರ ಮಾರ್ಚಿನಲ್ಲಿ ಪ್ಯಾರಿಸಿನಿಂದ ಬೇಗಂ ಟಿವಿ ಉಪಗ್ರಹ ಹತ್ತಿತು. ಏಳರಿಂದ ಹನ್ನೆರಡರ ತನಕದ ಪಠ್ಯ, ದರಿ ಮತ್ತು ಪಶ್ತೊ ಭಾಷೆಗಳಲ್ಲಿ, ಡಿಶ್‌ನಿಂದ ನೇರ ಮನೆಗೆ. 2025ರ ಫೆಬ್ರುವರಿ 4ರಂದು ಕಾಬೂಲಿನ ರೇಡಿಯೊ ಕಚೇರಿಗೆ ತಾಲಿಬಾನ್ ನುಗ್ಗಿ ಬಾಯಿ ಮುಚ್ಚಿಸಿತು. ಅದೇ ತಿಂಗಳು ಮತ್ತೆ ದನಿ ಬಂತು. ಚಂದನ, ಭದ್ರಾವತಿ ಆಕಾಶವಾಣಿ, ಧ್ವನಿ ಸಂದೇಶ: ನಾವು ನೆಟ್‌ವರ್ಕ್ ಇಲ್ಲದ್ದಕ್ಕೆ ಹಿಡಿದ ಸಾಧನಗಳನ್ನೇ ಅವರು ಕಾವಲು ತಪ್ಪಿಸಲು ಹಿಡಿದರು. ಆನ್‌ಲೈನ್ ಅಂದ ಕೂಡಲೇ ವಿಡಿಯೊ ಕಣ್ಣಿಗೆ ಬರುವವರು ಇದನ್ನು ಗಮನಿಸಬೇಕು.

ಕೆರೆಕಟ್ಟೆಯಲ್ಲಿ ಹತ್ತಿದ ಬಸ್ಸು ಘಟ್ಟ ಇಳಿದು ಕಾರ್ಕಳಕ್ಕೆ ಹೋಗುತ್ತದೆ, ಅಲ್ಲಿಂದ ಮೂಡುಬಿದಿರೆಯ ಮೇಲೆ ಮಂಗಳೂರು. ಅಲ್ಲಿಯ ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಧಾರವಾಡದಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದ ಅಫ್ಘನ್ ವಿದ್ಯಾರ್ಥಿಗಳು ವರ್ಷಗಳಿಂದ ಓದುತ್ತಿದ್ದರು. ಕೋವಿಡ್ ಅಂತ ಊರಿಗೆ ಹೋದ ಕೆಲವರು ಅಲ್ಲೇ ಸಿಕ್ಕಿಬಿದ್ದರು. 2021ರ ಆಗಸ್ಟ್ 25ರಂದು ಭಾರತ ಆ ದೇಶದವರ ಹಳೆಯ ವೀಸಾಗಳನ್ನೆಲ್ಲ ರದ್ದುಮಾಡಿ ಇ-ವೀಸಾ ಒಂದೇ ದಾರಿ ಎಂದಿತು. ಹಾಗಾಗಿ ಕಾಬೂಲಿನ ಕೋಣೆಯಲ್ಲಿ ಕೂತು ಕರ್ನಾಟಕದ ಕ್ಲಾಸಿಗೆ ಸೇರಿಕೊಂಡವರೂ ಇದ್ದರು. ಆಮೇಲೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಇ-ವಿದ್ಯಾಭಾರತಿ ಜಾಲದ ಮೂಲಕ ಅಫ್ಘನ್ ಪ್ರಜೆಗಳಿಗೆ 1,000 ಆನ್‌ಲೈನ್ ವಿದ್ಯಾರ್ಥಿವೇತನ ಘೋಷಿಸಿತು. ಒಳ್ಳೆಯದೇ. ವೀಸಾ ಕೊಡುವುದಕ್ಕಿಂತ ಪಾಸ್‌ವರ್ಡ್ ಕೊಡುವುದು ಸರ್ಕಾರಗಳಿಗೆ ಸುಲಭ ಎಂಬ ಕೊಂಕು ಮಾತು ನಾಲಿಗೆಯ ತುದಿಗೆ ಬರುತ್ತದೆ, ಇಲ್ಲಿಗೆ ಸಾಕು.

ಆನ್‌ಲೈನ್ ಕ್ಲಾಸಿನಲ್ಲಿ ಅಫ್ಘನ್ ಹುಡುಗಿಯರು ಕ್ಯಾಮೆರಾ ಆಫ್ ಮಾಡಿಕೊಂಡೇ ಕೂರುತ್ತಾರೆ. ಹಲವರು ಸ್ವಂತ ಹೆಸರನ್ನೂ ಹಾಕುವುದಿಲ್ಲ. ಮುಖ ಸಿಕ್ಕರೆ ಮನೆಯವರಿಗೆಲ್ಲ ಅಪಾಯ. ನಮ್ಮ ಹುಡುಗಿಯರೂ ಕ್ಯಾಮೆರಾ ಆಫ್ ಮಾಡಿಯೇ ಕೂರುತ್ತಿದ್ದರು, ದಿನದ ಡೇಟಾ ಉಳಿಯಲಿ ಎಂದು. ಎರಡೂ ಕಡೆ ಟೀಚರಿಗೆ ಕಾಣುತ್ತಿದ್ದದ್ದು ಸಾಲಾಗಿ ಕಪ್ಪು ಚೌಕ. ದರಿ ಭಾಷೆಯಲ್ಲಿ ಸದ್ದು ಬರುತ್ತಿದೆಯಾ ಎನ್ನುವುದಕ್ಕೆ ‘ಸದಾ ಮೀಆಯದ್?’ ಎನ್ನುತ್ತಾರೆ. ಸದಾ, ಸದ್ದು. ಕೇಳಲು ಅಕ್ಕತಂಗಿಯರ ಹಾಗಿವೆ. ನೆಂಟಸ್ತಿಕೆ ಏನೂ ಇಲ್ಲ, ನಮ್ಮ ಸದ್ದು ಸಂಸ್ಕೃತದ ಶಬ್ದದಿಂದ ಬಂದದ್ದು, ಅವರದ್ದು ಬೇರೆಯದೇ ಮೂಲ.

2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಸಂಪರ್ಕವಿಲ್ಲದ ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡಲು 26,316 ಕೋಟಿ ರೂಪಾಯಿ ಒಪ್ಪಿತು. ಆಮೇಲೆ ಮಲೆನಾಡಿನ ಗುಡ್ಡಗಳ ಮೇಲೆ ಹೊಸ ಟವರುಗಳು ಒಂದೊಂದಾಗಿ ಕಾಣಿಸಿಕೊಂಡವು. ಕೆಲವು ಟವರು ನಿಂತಿವೆ, ಉರಿದಿಲ್ಲ. ‘ಉರಿಯುವುದು’ ಎಂಬ ಮಾತನ್ನು ಜನ ದೀಪಕ್ಕೆ ಹೇಳುವಂತೆಯೇ ಟವರಿಗೂ ಹೇಳುತ್ತಾರೆ.

ಅಫ್ಘಾನಿಸ್ತಾನದಲ್ಲಿ ಉರಿಯುತ್ತಿದ್ದದ್ದನ್ನು ಆರಿಸಿದರು. 2025ರ ಸೆಪ್ಟೆಂಬರ್ ಮಧ್ಯದಲ್ಲಿ ಬಲ್ಖ್ ಪ್ರಾಂತದಲ್ಲಿ ಫೈಬರ್ ಕೇಬಲ್ ನಿಲ್ಲಿಸಿದರು, ಅನೈತಿಕತೆ ತಡೆಯಲು ಎಂಬ ಕಾರಣ ಕೊಟ್ಟು. ಸೆಪ್ಟೆಂಬರ್ 29ರಂದು ಇಡೀ ದೇಶದ ಇಂಟರ್ನೆಟ್ಟೂ ಫೋನೂ ಸತ್ತವು. ಬ್ಯಾಂಕು ನಿಂತಿತು, ವಿಮಾನ ನಿಂತಿತು. ದೇಶದ ಹೊರಗಿದ್ದು ಪಾಠ ಮಾಡುತ್ತಿದ್ದವರಿಗೆ ಕಪ್ಪು ಚೌಕಗಳೂ ಕಾಣಲಿಲ್ಲ. 48 ಗಂಟೆ. ಅಕ್ಟೋಬರ್ 1ರ ಸಂಜೆ ಮತ್ತೆ ಬಂತು.

ಆ ತಿಂಗಳ ಕೊನೆಯ ದಿನ ಕೆರೆಕಟ್ಟೆಯ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಬೇರೆ ಕಾರಣಕ್ಕೆ. ಕಾಡಾನೆಯ ದಾಳಿಗೆ ಇಬ್ಬರು ಸತ್ತಿದ್ದರು. ಅದಾದ ಮೇಲೆ ಬೆಳಗಿನ ಮಂಜಿನಲ್ಲಿ ಬಸ್ಸಿಗೆ ಹೋಗುವ ಮಕ್ಕಳನ್ನು ಒಂಟಿಯಾಗಿ ಬಿಡುವ ಧೈರ್ಯ ಯಾರಿಗೂ ಬರುವುದಿಲ್ಲ. ಮನೆಯಿಂದ ಒಬ್ಬರು ಮುಂದೆ, ಮಗಳು ಹಿಂದೆ, ಹಳ್ಳದ ಸಂಕದ ಮೇಲೆ ಬೆಳಕು ಬಿಡುತ್ತ. ಬೆಳಕು ಫೋನಿನ ಟಾರ್ಚಿನದು. ಕೊಂಬೆಗೆ ನೇತುಹಾಕುತ್ತಿದ್ದ ಫೋನೇ ಇರಬೇಕು, ಗಾಜಿನ ಮೂಲೆ ಒಡೆದಿದೆ. ಬಸ್ಸಿನ ಹಾರನ್ ಕೇಳಿದ ಮೇಲೆ ಅದನ್ನು ಅಪ್ಪಯ್ಯನ ಕೈಗೆ ಕೊಟ್ಟು ಅವಳು ಓಡುತ್ತಾಳೆ.